ದಿನದ ಪಾಸು

"ಮತ್ತ, ರಜಾ ದಿವಸ ಏನ್ ಮಾಡ್ತೀರಿ?" ಎಂದು ಸಿದ್ದಾರೂಢ ಕೇಳಿದಾಗ ದುಂಡಪ್ಪನ ಬಾಯಿ ತುಂಬ ಅವಲಕ್ಕಿ ಇತ್ತು. ಅಗಿಯುವ ನೆಪದಲ್ಲಿ ಅವನು ಸ್ವಲ್ಪ ಹೊತ್ತು ತಳ್ಳಿದ.

ಕತ್ರಿಗುಪ್ಪೆಯ ಆ ಮನೆಯ ಹಾಲಿನಲ್ಲಿ ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಪ್ರಶ್ನೆ ಕೇಳಿದ ಸಿದ್ದಾರೂಢ, ಅವನ ಹೆಂಡತಿ ವಿಜಯಲಕ್ಷ್ಮಿ, ಹೆಣ್ಣು ನೋಡಲೆಂದು ದುಂಡಪ್ಪನನ್ನು ಕರೆತಂದಿದ್ದ ಸೋದರಮಾವ ಹಣಮಪ್ಪ. ನೋಡದೆ ಇದ್ದವಳು ಒಬ್ಬಳೇ, ಸಿದ್ದಾರೂಢನ ತಂಗಿ ರಾಜಶ್ರೀ. ಚಹಾದ ಟ್ರೇ ಕೆಳಗಿಟ್ಟು, ಕುರ್ಚಿಯ ತುದಿಯಲ್ಲಿ ಕೂತು, ಆಕೆ ಕಿಟಕಿಯಾಚೆ ಏನನ್ನೋ ನೋಡುತ್ತಿದ್ದಳು. ಅವಳ ಹಿಂದಿನ ಶೋಕೇಸಿನಲ್ಲಿ ಗಾಜಿನ ಮೇಲೆ ಬಿಡಿಸಿದ ನವಿಲುಗಳು, ಉಲ್ಲನ್ನಿನ ನಾಯಿಮರಿ, ಮಣಿ ಪೋಣಿಸಿದ ಗಣಪತಿ. ಎಲ್ಲವೂ ರಾಜಶ್ರೀಯ ಕೈಕೆಲಸವೆಂದು ವಿಜಯಲಕ್ಷ್ಮಿ ಆಗಲೇ ಒಂದೊಂದಾಗಿ ತೋರಿಸಿ ಮುಗಿಸಿದ್ದಳು. ಈಗ ಗಂಡಿನ ಸರದಿ.

ಇಂಥ ಕಡೆ ಹವ್ಯಾಸದ ಪ್ರಶ್ನೆ ಹವ್ಯಾಸದ್ದಾಗಿರುವುದಿಲ್ಲ. ಹುಡುಗ ಕುಡಿಯುತ್ತಾನೋ, ಇಸ್ಪೀಟಿಗೆ ಕೂರುತ್ತಾನೋ, ಬೇರೆ ಯಾರಾದರೂ ಇದ್ದಾರೋ ಎಂದು ಬಾಯಿಬಿಟ್ಟು ಕೇಳಲಾಗದವರು ಹೀಗೆ ಸುತ್ತಿ ಬರುತ್ತಾರೆ. ಸಿದ್ದಾರೂಢನಿಗಂತೂ ಕಾರಣವೂ ಇತ್ತು. ಹಿಂದಿನ ವಾರ ಅವನು ಬಿಟಿಎಮ್ ಲೇಔಟಿಗೆ ಹೋಗಿ, ದುಂಡಪ್ಪನಿಗೆ ರೂಮು ಬಾಡಿಗೆಗೆ ಕೊಟ್ಟಿದ್ದ ತಿಮ್ಮರಾಯಪ್ಪನ ಹತ್ತಿರ ವಿಚಾರಿಸಿ ಬಂದಿದ್ದ. ಹುಡುಗ ಒಳ್ಳೆಯವನು, ಔಷಧಿ ಸಗಟು ಮಾರುವ ಕಂಪನಿಯಲ್ಲಿ ಬಿಲ್ ಹಾಕುವ ಕೆಲಸ, ಆಫೀಸು ಬಿಟ್ಟರೆ ರೂಮು ಎಂದೆಲ್ಲ ಹೊಗಳಿದ ತಿಮ್ಮರಾಯಪ್ಪ ಕೊನೆಗೆ ಒಂದು ಮಾತು ಸೇರಿಸಿದ್ದ. "ಭಾನ್ವಾರ ಮಾತ್ರ ಬೆಳಿಗ್ಗೇನೇ ಬೀಗ ಹಾಕ್ಕೊಂಡು ಹೊರಟ್ಬಿಡ್ತಾನೆ ಸಾರ್. ಕತ್ಲಾದ್ಮೇಲೇ ಬರೋದು. ಎಲ್ಲಿಗೆ ಅಂತ ನಾವ್ ಕೇಳಕ್ಕಾಗುತ್ತಾ?"

ಎಲ್ಲಿಗೂ ಇಲ್ಲ ಎಂಬುದೇ ಅದಕ್ಕೆ ಉತ್ತರವಾಗಿತ್ತು. ದುಂಡಪ್ಪ ಭಾನುವಾರಗಳಲ್ಲಿ ಬಸ್ಸಿನಲ್ಲಿ ಕೂರುತ್ತಿದ್ದ.

ರಾಮದುರ್ಗದ ಕಡೆಯಿಂದ ಬೆಂಗಳೂರಿಗೆ ಬಂದ ಹೊಸದರಲ್ಲಿ ಭಾನುವಾರವೆಂದರೆ ಅವನಿಗೆ ದಿಗಿಲು. ಆರು ದಿನ ದುಡಿದವನಿಗೆ ಏಳನೆಯ ದಿನ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ತಿಮ್ಮರಾಯಪ್ಪನ ಮಗ ರಘು ಗುರುವಾಗಿ ನಿಂತ. "ಮನುಷ್ಯನಿಗೆ ಒಂದು ಹಾಬಿ ಅಂತ ಇರ್ಬೇಕು ಮಗಾ" ಎಂದು ಜಿಮ್ಮಿಗೆ ಎಳೆದುಕೊಂಡು ಹೋದ, ಮೈಕೈ ನೋವು ವಾರವಿಡೀ ಬಿಡಲಿಲ್ಲ. ಚೆಸ್ ಕಲಿಸಿದ, ದುಂಡಪ್ಪನಿಗೆ ಕುದುರೆ ಯಾವ ಕಡೆ ಹಾರುತ್ತದೆಂದು ನೆನಪಿರಲಿಲ್ಲ. ಗಿಟಾರಿನ ಮಾತು ಬಂದಾಗ ದುಂಡಪ್ಪನೇ ಕೈಮುಗಿದ. ಹೀಗಿರುವಾಗ ಒಂದು ಭಾನುವಾರ ಚಪ್ಪಲಿ ಕೊಳ್ಳಲು ಬನಶಂಕರಿಗೆ ಹೋದವನು ವಾಪಸು ಬರುವಾಗ ಯಾವುದೋ ಬಸ್ಸು ಹತ್ತಿದ. ಕಿಟಕಿ ಪಕ್ಕ ಜಾಗ ಸಿಕ್ಕಿತು, ಗಾಳಿ ಬಂತು. ತಪ್ಪು ಬಸ್ಸೆಂದು ಜರಗನಹಳ್ಳಿ ದಾಟುವಾಗಲೇ ಗೊತ್ತಾಯಿತು. ಆದರೂ ಇಳಿಯಲಿಲ್ಲ.

ಅವತ್ತಿನಿಂದ ಅದೇ. ಬೆಳಿಗ್ಗೆ ದಿನದ ಪಾಸು ಕೊಂಡುಬಿಟ್ಟರೆ ಸಂಜೆಯ ತನಕ ಊರೆಲ್ಲ ಅವನದು. ಯಾರದೋ ತಾರಸಿಯ ಮೇಲೆ ಸಂಡಿಗೆ ಒಣಗುತ್ತಿರುತ್ತಿತ್ತು, ಬಾಗಿಲಲ್ಲಿ ಒಬ್ಬಾಕೆ ತಲೆ ಬಾಚಿಕೊಳ್ಳುತ್ತ ನಿಂತಿರುತ್ತಿದ್ದಳು, ಅರ್ಧ ಕಟ್ಟಿದ ಮನೆಯೊಳಗೆ ಮೇಕೆಯೊಂದು ಮೆಟ್ಟಿಲು ಹತ್ತುತ್ತಿತ್ತು. ಎಲ್ಲವೂ ಒಂದು ಗಳಿಗೆ ಕಂಡು ಹಿಂದಕ್ಕೆ ಸರಿಯುತ್ತಿದ್ದವು. ಯಾವುದರ ಬಗ್ಗೆಯೂ ಅವನು ಏನೂ ಮಾಡಬೇಕಾಗಿರಲಿಲ್ಲ. ಕೋಣನಕುಂಟೆ ದಾಟಿದ ಮೇಲೆ ಮರಗಳು ಹತ್ತಿರ ಬರುತ್ತಿದ್ದವು, ಕಣ್ಣು ತೆರೆದಿದ್ದರೂ ನಿದ್ದೆಯಂಥದೊಂದು ಸುಖ ಆವರಿಸುತ್ತಿತ್ತು. ತಾನು ಎಲ್ಲಿಯವನು, ಯಾವ ಊರು ಬಿಟ್ಟು ಯಾವ ಊರಿಗೆ ಬಂದೆ ಎಂಬುದೆಲ್ಲ ಆಗ ಮರೆತು ಹೋಗುತ್ತಿತ್ತು. ಅಷ್ಟು ಸಂತೋಷ ಅವನಿಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಇದನ್ನು ಕತ್ರಿಗುಪ್ಪೆಯ ಹಾಲಿನಲ್ಲಿ ಹೇಳುವುದು ಹೇಗೆ? ಅವಲಕ್ಕಿ ಮುಗಿದಿತ್ತು. ಅಷ್ಟರಲ್ಲಿ ಹಣಮಪ್ಪ ಬಾಯಿ ಹಾಕಿದ.

"ಕೊಳಲು ಊದತಾನ್ರಿ ನಮ್ಮ ಹುಡುಗ. ಸಣ್ಣಾಂವ ಇದ್ದಾಗ ಸಾಲ್ಯಾಗ ಊದಿದ್ದು ನಾನ ನನ್ನ ಕಿವೀಲೆ ಕೇಳೇನಿ."

ಹಣಮಪ್ಪ ಸುಳ್ಳು ಹೇಳಲಿಲ್ಲ. ಅವನು ನಿಜಕ್ಕೂ ಕೇಳಿದ್ದ. ದುಂಡಪ್ಪ ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಗ್ಯಾದರಿಂಗಿನಲ್ಲಿ ಕೃಷ್ಣನ ವೇಷ ಹಾಕಿ, ತುಟಿಗೆ ಕೊಳಲಿಟ್ಟು ನಿಂತಿದ್ದ. ಪರದೆಯ ಹಿಂದೆ ಕೂತು ನಿಜವಾದ ಕೊಳಲು ಊದಿದವರು ಮಾಸ್ತರು. ಮುಂದಿನ ಸಾಲಿನಲ್ಲಿ ಕೂತಿದ್ದ ಮಾವನ ಕಣ್ಣಲ್ಲಿ ನೀರು ಕಂಡು, ನಾನಲ್ಲ ಎಂದು ಹೇಳಲು ಹುಡುಗನಿಗೆ ಬಾಯಿ ಬರಲಿಲ್ಲ. ಆಮೇಲೆ ಹೇಳುವ ಸಂದರ್ಭವೂ ಒದಗಲಿಲ್ಲ.

ಸಿದ್ದಾರೂಢನ ಮುಖ ಅರಳಿತು. ಭಾನುವಾರ ಸಂಗೀತ ಕಲಿಯಲು ಹೋಗುತ್ತಿರಬೇಕೆಂದು ಅವನೇ ಲೆಕ್ಕ ಹಾಕಿಕೊಂಡ. ಗಂಡಿನ ಮನೆ ನೋಡುವ ಶಾಸ್ತ್ರಕ್ಕೆ ರೂಮಿಗೆ ಬಂದಾಗ ಒಂದು ಹಾಡು ಕೇಳಿಯೇ ಹೋಗುವುದೆಂದ. ದುಂಡಪ್ಪ ತಲೆಯಾಡಿಸಿದ. ಏಕೆಂದರೆ ಆ ಹೊತ್ತಿಗೆ ರಾಜಶ್ರೀ ಕಿಟಕಿಯಿಂದ ಕಣ್ಣು ತೆಗೆದು ಮೊದಲ ಸಲ ಅವನನ್ನು ನೋಡಿದ್ದಳು, ಮತ್ತು ಅವಳು ಅವನಿಗೆ ತುಂಬ ಇಷ್ಟವಾಗಿದ್ದಳು.

ಮರುದಿನವೇ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಒಂದು ಕೊಳಲು ಕೊಂಡ. ಸಂಜೆ ಸಂಜೆ ಊದಿದ. ಬರೀ ಗಾಳಿ ಬಂತು. ಕುಕ್ಕರಿನ ಆವಿ ಹೋದ ಹಾಗೆ ಕೇಳಿಸುತ್ತದೆಂದು ರಘು ನಕ್ಕ. ನಡುವಿನ ಭಾನುವಾರ ಕೊಳಲನ್ನು ಚೀಲದಲ್ಲಿಟ್ಟುಕೊಂಡೇ ಬಸ್ಸು ಹತ್ತಿದ. ಊರ ಹೊರಗೆ ಎಲ್ಲಾದರೂ ಕೂತು ಅಭ್ಯಾಸ ಮಾಡುವುದೆಂದು ಅವನ ಯೋಚನೆ. ಆದರೆ ಕಿಟಕಿ ಸಿಕ್ಕಿದ ಮೇಲೆ ಚೀಲದ ನೆನಪೇ ಆಗಲಿಲ್ಲ.

ಹೇಳಿದ ದಿನ ಅವರೆಲ್ಲ ಬಂದರು. ಗಂಡಿನ ಮನೆ ನೋಡಲು ಹುಡುಗಿ ಬರುವ ಪದ್ಧತಿಯಿಲ್ಲ. ಆದರೂ ಮನೆಯಲ್ಲಿ ಒಬ್ಬಳನ್ನೇ ಯಾಕೆ ಬಿಡುವುದೆಂದು ವಿಜಯಲಕ್ಷ್ಮಿ ರಾಜಶ್ರೀಯನ್ನೂ ಹೊರಡಿಸಿದ್ದಳು. ಊರಿನಿಂದ ಹಣಮಪ್ಪನೂ ಬಂದಿದ್ದ. ಇದ್ದ ಎರಡು ಕುರ್ಚಿ ಸಾಲದೆ ತಿಮ್ಮರಾಯಪ್ಪನ ಮನೆಯಿಂದ ಚಾಪೆ ತಂದು ಹಾಸಿದ್ದಾಯಿತು. ಗೂಡಿನಲ್ಲಿದ್ದ ಕೊಳಲನ್ನು ಹಣಮಪ್ಪನೇ ಎತ್ತಿ, ಧೋತರದ ಸೆರಗಿನಿಂದ ಒರೆಸಿ, ಅಳಿಯನ ಕೈಗೆ ಕೊಟ್ಟ.

ದುಂಡಪ್ಪ ತುಟಿಗಿಟ್ಟ. ಉಸಿರು ಎಳೆದುಕೊಂಡು ಊದಿದ. ಗಾಳಿ ಹೋಯಿತು. ಇನ್ನೊಮ್ಮೆ ಊದಿದ, ಇನ್ನೂ ಹೆಚ್ಚು ಗಾಳಿ ಹೋಯಿತು. ಕೆಳಗೆ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಅವನು ಕೊಳಲನ್ನು ತೊಡೆಯ ಮೇಲಿಟ್ಟುಕೊಂಡ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಆದರೆ ಅದರ ಹಿಂದೆಯೇ ಒಂದು ನಿರಾಳವೂ ಬಂತು.

"ನನಗ ಕೊಳಲು ಬರಂಗಿಲ್ರಿ. ಅವತ್ತು ಊದಿದವರು ಮಾಸ್ತರು, ಪರದೆ ಹಿಂದ ಕೂತು."

"ಮತ್ತ ನಿನ್ನ ಬೆರಳು ಆಡತಿದ್ದುವಲ್ಲೋ?" ಹಣಮಪ್ಪ ಕೇಳಿದ.

"ಸುಮ್ಮನ ಆಡಸ್ತಿದ್ದೆ, ಮಾಮಾ."

ಹಣಮಪ್ಪ ಗೋಡೆಗೆ ಒರಗಿ ಕೂತ. ಇಷ್ಟು ವರ್ಷ ಊರೆಲ್ಲ ಹೇಳಿಕೊಂಡು ಬಂದಿದ್ದನ್ನು ಒಂದೇ ಮಾತಿನಲ್ಲಿ ಕಿತ್ತುಕೊಂಡ ಹಾಗಾಗಿತ್ತು ಅವನಿಗೆ. ಸಿದ್ದಾರೂಢ ಮಾತ್ರ ತನ್ನ ಮೊದಲಿನ ಪ್ರಶ್ನೆಗೇ ಬಂದ. ಹಾಗಾದರೆ ಭಾನುವಾರವಿಡೀ ಎಲ್ಲಿಗೆ ಹೋಗುವುದು? ದುಂಡಪ್ಪ ಹೇಳಿದ. ಬಸ್ಸು ಹತ್ತುವುದು, ಕಿಟಕಿಯಲ್ಲಿ ನೋಡುತ್ತ ಹೋಗುವುದು, ಕೊನೆಯ ಸ್ಟಾಪಿನಲ್ಲಿ ಚಹಾ ಕುಡಿದು ಮತ್ತೆ ಹತ್ತುವುದು. ಹೇಳುತ್ತ ಹೋದ ಹಾಗೆ ಅವನಿಗೇ ಅದು ಕಟ್ಟುಕತೆಯಂತೆ ಕೇಳಿಸಿತು. ಕೊಳಲಿನ ಸುಳ್ಳು ಎಷ್ಟು ಮರ್ಯಾದಸ್ಥವಾಗಿತ್ತು!

"ಅದರಿಂದ ಏನ್ ಉಪಯೋಗ?" ಎಂದ ಸಿದ್ದಾರೂಢ.

"ಉಪಯೋಗ ಏನಿಲ್ರಿ. ಮನಸ್ಸು ಹಗೂರ ಆಗತೈತಿ."

ಸಿದ್ದಾರೂಢ ಎದ್ದು ನಿಂತ. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು, ಅದನ್ನು ಕುಡಿಯುವ ಲಕ್ಷಣ ಕಾಣಲಿಲ್ಲ. ಎಲ್ಲ ಮುಗಿಯಿತೆಂದು ದುಂಡಪ್ಪನಿಗೆ ಖಾತ್ರಿಯಾಯಿತು. ಆಗ ರಾಜಶ್ರೀ ಚಾಪೆಯ ಮೇಲೆ ಕೂತಲ್ಲಿಂದಲೇ ಕೇಳಿದಳು.

"ಯಾವ ಕಡೆ ಛಲೋ ಐತ್ರಿ?"

ಅವನಿಗೆ ಉತ್ತರ ಹುಡುಕಬೇಕಾಗಲಿಲ್ಲ. "ಕಗ್ಗಲೀಪುರದ ಕಡೆ" ಎಂದ.

ನಾದಿನಿಯ ಮುಖವನ್ನೂ ಗಂಡನ ಮುಖವನ್ನೂ ನೋಡಿ ವಿಜಯಲಕ್ಷ್ಮಿಯೇ ದಾರಿ ತೆಗೆದಳು. ಬರುವ ಭಾನುವಾರ ತಾನೂ ರಾಜಶ್ರೀಯೂ ದುಂಡಪ್ಪನ ಜೊತೆ ಆ ಬಸ್ಸಿನಲ್ಲಿ ಹೋಗಿ ಬರುವುದು, ನಿಜವೋ ಸುಳ್ಳೋ ಗೊತ್ತಾಗುತ್ತದೆ, ಆಮೇಲೆ ಮುಂದಿನ ಮಾತು. ಸಿದ್ದಾರೂಢ ಗೊಣಗುತ್ತಲೇ ಮತ್ತೆ ಕೂತು ಚಹಾ ಕುಡಿದ.

ಭಾನುವಾರ ಬೆಳಿಗ್ಗೆ ಬನಶಂಕರಿ ಬಸ್ ನಿಲ್ದಾಣದಲ್ಲಿ ಅವರು ಸಿಕ್ಕಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ವಿಜಯಲಕ್ಷ್ಮಿ ಮಲ್ಲಿಗೆ ಕೊಳ್ಳಲು ಅತ್ತ ಹೋದಳು. ಏನು ಮಾತಾಡಬೇಕೆಂದು ತಿಳಿಯದೆ ದುಂಡಪ್ಪ ಶೋಕೇಸಿನ ನವಿಲುಗಳು ಚೆನ್ನಾಗಿವೆ ಎಂದ.

"ಅವನ್ನ ಮಾಡೂದು ಬಿಟ್ಟ ಭಾಳ ದಿನ ಆತ್ರಿ" ಎಂದಳು ರಾಜಶ್ರೀ. "ಕ್ಲಾಸಿಗೆ ಹೋಗಂದ್ರು, ಹೋದೆ. ಈಗ ಮಂದಿ ಬಂದಾಗಷ್ಟ ಧೂಳಾ ಒರಸಿ ಇಡ್ತೀವಿ."

ಬಸ್ಸು ಬಂತು. ಮುಂದಿನ ಬಾಗಿಲಿನಿಂದ ಹೆಂಗಸರು, ಹಿಂದಿನದರಿಂದ ಗಂಡಸರು. ಹತ್ತುವ ತನಕ ದುಂಡಪ್ಪನಿಗೆ ಈ ವಿಚಾರ ಹೊಳೆದೇ ಇರಲಿಲ್ಲ. ಅವಳು ಮುಂದೆ ಕಿಟಕಿ ಪಕ್ಕ ಕೂತಳು, ಅವನು ಹಿಂದೆ ತನ್ನ ಎಂದಿನ ಜಾಗದಲ್ಲಿ. ಕಂಡಕ್ಟರ್ ಗುರುತು ಹಿಡಿದು ನಕ್ಕು ಪಾಸು ಕೊಟ್ಟ. ಟಿಕೆಟ್ ಕೊಡುತ್ತ ಅವನು ಮುಂದೆ ಬಂದಾಗ ವಿಜಯಲಕ್ಷ್ಮಿ ತಡಮಾಡದೆ ವಿಚಾರಣೆ ಶುರುಮಾಡಿದಳು. ಹಿಂದೆ ಕೂತವರು ಪ್ರತಿ ವಾರ ಬರುತ್ತಾರಾ?

"ವಾರಾ ವಾರಾ ಬರ್ತಾರೆ ಮೇಡಂ. ಲಾಸ್ಟ್ ಸ್ಟಾಪಲ್ಲಿ ನಾವೇ ಕರೀಬೇಕು. ಮಲಗಿರಲ್ಲ, ಕಣ್ ಬಿಟ್ಕೊಂಡೇ ಇರ್ತಾರೆ. ಆದ್ರೆ ಇಲ್ಲಿರಲ್ಲ" ಎಂದ ಕಂಡಕ್ಟರ್.

ವಿಜಯಲಕ್ಷ್ಮಿಗೆ ಅಷ್ಟು ಸಾಕಾಯಿತು. ಜರಗನಹಳ್ಳಿ ಬರುವಷ್ಟರಲ್ಲಿ ಅವಳು ನೆಮ್ಮದಿಯಾಗಿ ನಿದ್ದೆ ಹೋದಳು.

ನಿದ್ದೆಯೂ ಇಲ್ಲದೆ ನೆಮ್ಮದಿಯೂ ಇಲ್ಲದೆ ಇದ್ದವನು ದುಂಡಪ್ಪ. ಕಿಟಕಿ ಪಕ್ಕವೇ ಕೂತಿದ್ದರೂ ಅವತ್ತು ಆ ಸುಖ ಅವನಿಗೆ ಒದಗಲಿಲ್ಲ. ರಾಜಶ್ರೀಗೆ ಇದೆಲ್ಲ ಹೇಗೆ ಕಾಣುತ್ತಿರಬಹುದೆಂದು ನೋಡಿದರೆ ಬರೀ ಧೂಳು, ಮರಳಿನ ಲಾರಿ, ಸೈಟು ಮಾರುವ ಬೋರ್ಡುಗಳೇ ಕಂಡವು. ಇದನ್ನು ನೋಡಲು ಒಬ್ಬ ಮನುಷ್ಯ ವಾರವೆಲ್ಲ ಕಾಯುತ್ತಾನೆಂದರೆ ಯಾರು ನಂಬುತ್ತಾರೆ, ನಂಬಿದರೂ ಯಾರು ಮದುವೆಯಾಗುತ್ತಾರೆ? ಅವಳು ಒಮ್ಮೆ ತಿರುಗಿ ನೋಡಿದರೆ ಸಾಕೆಂದು ಕಾದ. ಬೇಸರದಿಂದ ನೋಡಿದರೂ ಸರಿ. ಅವಳು ತಿರುಗಲಿಲ್ಲ. ತಲೆಗಳ ನಡುವೆ ಅವಳ ಜಡೆ ಮತ್ತು ಒಂದು ಕಿವಿ ಮಾತ್ರ ಕಾಣುತ್ತಿದ್ದವು. ಕೋಣನಕುಂಟೆ ದಾಟಿತು. ಮರಗಳು ಹತ್ತಿರ ಬಂದವು. ಅವಳ ದುಪಟ್ಟಾದ ತುದಿ ಕಿಟಕಿಯಿಂದ ಹೊರಗೆ ಹಾರಿ ಪಟಪಟ ಬಡಿಯತೊಡಗಿತು. ಈಗ ಎಳೆದುಕೊಳ್ಳುತ್ತಾಳೆ, ಈಗ ಎಳೆದುಕೊಳ್ಳುತ್ತಾಳೆ ಎಂದು ನೋಡುತ್ತಲೇ ಇದ್ದ. ಅದು ಹಾರುತ್ತಲೇ ಇತ್ತು.

ಕಗ್ಗಲೀಪುರದಲ್ಲಿ ಬಸ್ಸು ಹೊಂಗೆಮರದ ಕೆಳಗೆ ನಿಂತಿತು. ಎಂಜಿನ್ ಆರಿದ ಮೇಲೆ ಹಕ್ಕಿಗಳ ಸದ್ದು ಕೇಳಿಸಿತು. ಜನ ಇಳಿದರು. ವಿಜಯಲಕ್ಷ್ಮಿ ಎಚ್ಚೆತ್ತು, ಸೆರಗು ಸರಿಮಾಡಿಕೊಂಡು, ರಾಜಶ್ರೀ ಹಿಂದೆಯೇ ಬರುತ್ತಾಳೆಂದು ಚಹಾದ ಅಂಗಡಿಯ ಕಡೆ ನಡೆದಳು.

ರಾಜಶ್ರೀ ಏಳಲಿಲ್ಲ.

"ಲಾಸ್ಟ್ ಸ್ಟಾಪ್ ಮೇಡಂ" ಎಂದ ಕಂಡಕ್ಟರ್. ಅವಳಿಗೆ ಕೇಳಿಸಲಿಲ್ಲ. ಹಣೆಯನ್ನು ಕಿಟಕಿಯ ಸರಳಿಗೆ ಒರಗಿಸಿ, ಕಣ್ಣು ತೆರೆದುಕೊಂಡೇ ಕೂತಿದ್ದಳು. ಕಂಡಕ್ಟರ್ ಇನ್ನೊಮ್ಮೆ ಕೂಗಲು ಬಾಯಿ ತೆರೆದವನು, ಹಿಂದಕ್ಕೆ ತಿರುಗಿ ದುಂಡಪ್ಪನನ್ನು ನೋಡಿದ. ದುಂಡಪ್ಪ ಬೇಡವೆಂದು ಮೆಲ್ಲಗೆ ಕೈ ಅಲ್ಲಾಡಿಸಿದ. ಕಂಡಕ್ಟರ್ ಚೀಲವನ್ನು ಕಂಕುಳಿಗೆ ಒತ್ತಿಕೊಂಡು, ಸದ್ದಾಗದ ಹಾಗೆ ಮೆಟ್ಟಿಲಿಳಿದು ಹೋದ.

ಬಸ್ಸಿನಲ್ಲಿ ಅವರಿಬ್ಬರೇ ಉಳಿದರು, ಮಧ್ಯೆ ಖಾಲಿ ಸೀಟುಗಳು. ಗಾಳಿ ಬಂದಾಗ ಮರದಿಂದ ಹೊಂಗೆಹೂಗಳು ಉದುರಿ, ಹೊರಗೆ ಇಳಿಬಿದ್ದಿದ್ದ ಅವಳ ದುಪಟ್ಟಾದ ಮಡಿಕೆಯಲ್ಲಿ ಒಂದೊಂದಾಗಿ ನಿಲ್ಲುತ್ತಿದ್ದವು. ದುಂಡಪ್ಪ ತನ್ನ ಕಿಟಕಿಯ ಕಡೆ ತಿರುಗಿ ಕೂತ.