ಚಿಕ್ಕವ್ವನ ಕುರ್ಚಿ

"ಏಳೇ ಮ್ಯಾಲೆ. ನಿಮ್ಮಪ್ಪನ ಮನೆ ಮದ್ವೆಗೆ ಬಂದಿದ್ದೀಯಾ, ಚೇರ್ ಹಾಕ್ಕೊಂಡು ಕೂರಕ್ಕೆ? ಇವತ್ತು ಚೇರು, ನಾಳೆ ನನ್ನ ತಲೆ ಮ್ಯಾಲೆ ಕೂರ್ತೀಯ, ಮುಂಡೆ."

ತೋಟದ ಧಣಿ ರೇಣುಕಪ್ರಸಾದ್ ಹೀಗೆ ಬೈದದ್ದು ನನ್ನ ಚಿಕ್ಕವ್ವ ಪುಟ್ಟಗಂಗಮ್ಮನನ್ನು. ಜಾಗ, ತಿಪಟೂರು ಕಡೆಯ ಅವರ ತೋಟದ ಕೊಬ್ಬರಿ ಶೆಡ್ಡು. ಅಟ್ಟದ ಮೇಲೆ ಒಂದು ವರ್ಷ ಒಣಗಿದ ಕಾಯಿ ಕೆಳಗಿಳಿದಿತ್ತು. ಒಂಬತ್ತು ಹೆಂಗಸರು ಮಚ್ಚಿನಿಂದ ಚಿಪ್ಪು ಒಡೆದು ಒಳಗಿನ ಕೊಬ್ಬರಿ ಗಿಟುಕು ಬಿಡಿಸುತ್ತಿದ್ದರು. ಎಂಟು ಜನ ನೆಲದ ಮೇಲೆ. ಚಿಕ್ಕವ್ವ ಮಾತ್ರ ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮುಂದೊಂದು ತೆಂಗಿನ ದಿಮ್ಮಿ ನಿಲ್ಲಿಸಿಕೊಂಡು.

"ಮಂಡಿ ಸವೆದೈತೆ, ನೆಲದ ಮ್ಯಾಲೆ ಕೂರಬ್ಯಾಡ ಅಂತ ಡಾಕ್ಟ್ರು ಅಂದವ್ರೆ ಬುದ್ದಿ. ನಂದೇ ಚೇರು, ಸಂತೇಲಿ ತಂದಿದ್ದು."

"ಹಂಗಾದ್ರೆ ಡಾಕ್ಟ್ರು ಮನೇಲೇ ಹೋಗಿ ಕೂತ್ಕೋ. ನಾಳೆ ಈ ಚೇರು ಇಲ್ಲಿ ಕಂಡ್ರೆ ನೀನೂ ಬರಬ್ಯಾಡ."

ಚಿಕ್ಕವ್ವ ಕಂಬ ಹಿಡಿದು ನೆಲಕ್ಕೆ ಇಳಿದಳು. ಇಳಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅವಳ ಚಿತ್ರ ಬರೆಯಲು ಅಲ್ಲೇ ನಿಂತಿದ್ದ ನಾನು, ನಾಡಿನಲ್ಲಿ ಹೆಸರು ಮಾಡಿದ ಕಲಾವಿದ, ಏನು ಮಾಡಿದೆ ಗೊತ್ತೇ? ಪೆನ್ಸಿಲ್ಲನ್ನು ಜೇಬಿಗೆ ಹಾಕಿಕೊಂಡು ಅಟ್ಟದ ತೊಲೆ ಎಣಿಸಿದೆ.

ನನ್ನ ಹೆಸರು ದುರ್ಗಯ್ಯ. ಬೆಂಗಳೂರಿನ ಒಂದು ವಾರಪತ್ರಿಕೆಯ ಕಥೆಗಳಿಗೆ ಇಪ್ಪತ್ತಾರು ವರ್ಷದಿಂದ ಚಿತ್ರ ಬರೆಯುತ್ತಿದ್ದೇನೆ. ನನ್ನ ಮೊದಲ ಇದ್ದಿಲು ಇದೇ ಶೆಡ್ಡಿನ ಚಿಪ್ಪಿನದು, ಮೊದಲ ಕಾಗದ ಕೊಬ್ಬರಿ ಚೀಲ. ಆಮೇಲೆ ಲಾರಿಗಳ ಹಿಂದೆ ಹುಲಿ ಬರೆದೆ, ಅಮ್ಮಸಂದ್ರದವರೆಗೆ ಸಿಕ್ಕಸಿಕ್ಕ ಗೋಡೆಯ ಮೇಲೆ ಸಿಮೆಂಟ್ ಜಾಹೀರಾತಿನ ಮೂಟೆ ಬರೆದೆ. ಒಂದು ದಿನ ಧೈರ್ಯ ಮಾಡಿ ಪತ್ರಿಕೆಗೆ ಒಂದು ಚಿತ್ರ ಅಂಚೆಯಲ್ಲಿ ಕಳಿಸಿದೆ. ನಮ್ಮವ್ವ ಎಲೆ ಅಡಿಕೆ ಹಾಕಿಕೊಂಡು ಬಾಯ್ತುಂಬ ನಗುತ್ತಿರುವ ಚಿತ್ರ. ಕೈ ಚೆನ್ನಾಗಿದೆ, ಆದರೆ ಕೂಲಿಯವಳು ಹೀಗಿರುವುದಿಲ್ಲ ಎಂದು ಹಳೆಯ ಸಂಪಾದಕರು ವಾಪಸು ಕಳಿಸಿದರು. ನನಗೆ ಅಷ್ಟು ಸಾಕಾಯಿತು. ಎರಡನೆಯ ಸಲ ಅವ್ವನಿಗೆ ಪಕ್ಕೆಲುಬು ಬರೆದೆ, ಕಣ್ಣು ಗುಳಿಗಿಳಿಸಿದೆ, ಎರಡೂ ಕೈ ಮುಗಿಸಿದೆ. ಅಚ್ಚಾಯಿತು.

ಅಲ್ಲಿಂದ ನನ್ನ ಬದುಕು ಪಕ್ಕೆಲುಬಿನ ಮೇಲೆ ನಡೆಯಿತು. ಪ್ರೇಮಕಥೆ ಬಂದರೆ ಬೇರೆಯವರಿಗೆ, ಹಸಿವು ಬಂದರೆ ನನಗೆ. ಅವನಿಗೆ ಅದೆಲ್ಲ ಗೊತ್ತು, ಕೊಡ್ರಿ ಎಂದು ಪತ್ರಿಕೆಯವರು ಹೇಳುತ್ತಿದ್ದರು. ನನ್ನ ಪಕ್ಕೆಲುಬುಗಳಿಗೆ ಪ್ರಶಸ್ತಿ ಬಂತು, ಪ್ರದರ್ಶನವೂ ಆಯಿತು. ಬಂದವರು ಕಣ್ಣೊರೆಸಿಕೊಂಡು ಹೊರಗೆ ವಡೆ ತಿಂದರು. ವಡೆ ಚೆನ್ನಾಗಿತ್ತು, ನಾನೂ ಎರಡು ತಿಂದೆ.

ಈ ಸಲ ದೀಪಾವಳಿ ವಿಶೇಷಾಂಕದ ಬಹುಮಾನಿತ ಕಥೆಗೆ ಮುಖಪುಟ ಬರೆಯಬೇಕಿತ್ತು. ಕೂಲಿ ಹೆಂಗಸಿನ ಕಥೆ. ಅದೇನಾಯಿತೋ, ಬೈಗುಳ ಕೇಳಿ ತಿಪಟೂರಿನ ಮನೆಗೆ ಬಂದವನು ಚಿಕ್ಕವ್ವನನ್ನು ಕುರ್ಚಿಯ ಮೇಲೇ ಕೂರಿಸಿ ಬರೆದುಬಿಟ್ಟೆ. ದಪ್ಪ ತೋಳು, ಕೈಯಲ್ಲಿ ಮಚ್ಚು. ಫೋನಿನಲ್ಲಿ ಕಳಿಸಿದ ಹತ್ತು ನಿಮಿಷಕ್ಕೆ ಸಂಪಾದಕಿ ಮಧುಶ್ರೀ ಕರೆ ಮಾಡಿದರು. ಒಳ್ಳೆಯ ಹೆಣ್ಣುಮಗಳು, ನನ್ನನ್ನು ಸರ್ ಎನ್ನುವ ಮೊದಲ ಸಂಪಾದಕಿ.

"ಚಿತ್ರ ಚೆನ್ನಾಗಿದೆ ಸರ್. ಆದ್ರೆ ಕುರ್ಚಿ ತೆಗೀಬೇಕಾಗತ್ತೆ. ಕುರ್ಚಿ ಮೇಲೆ ಕೂತ್ರೆ ಶೋಷಿತೆ ಅನ್ನೋ ಫೀಲ್ ಬರಲ್ಲ. ನೆಲದ ಮೇಲೆ ಕೂರ್ಸಿ, ಸ್ವಲ್ಪ ಸಣ್ಣ ಮಾಡಿ."

ಮಧುಶ್ರೀಗೂ ರೇಣುಕಪ್ರಸಾದರಿಗೂ ಮುಖಪರಿಚಯವಿಲ್ಲ. ಅಂಥವರ ವಿರುದ್ಧ ಆಕೆ ಸಂಪಾದಕೀಯ ಬರೆದಿದ್ದಾರೆ. ಆದರೂ ನಮ್ಮ ಚಿಕ್ಕವ್ವ ಎಲ್ಲಿ ಕೂರಬೇಕು ಎನ್ನುವುದರಲ್ಲಿ ಇಬ್ಬರದೂ ಒಂದೇ ಮಾತು. ನಾಳೆ ಸಂಜೆಯೊಳಗೆ ಬದಲಾಯಿಸದಿದ್ದರೆ ಕಂಪ್ಯೂಟರಿನಿಂದಲೇ ಬರೆಸಿಕೊಳ್ಳುವುದಾಗಿ ಬೇಜಾರಿನಲ್ಲೇ ಹೇಳಿ, ಅದು ಬರೆದ ಒಂದು ಮಾದರಿಯನ್ನೂ ಕಳಿಸಿದರು. ನೋಡಿದೆ. ಅದೇ ಗುಳಿಗಣ್ಣು, ಅದೇ ಮುಗಿದ ಕೈ. ಪಕ್ಕೆಲುಬಂತೂ ಥೇಟ್ ನನ್ನದೇ. ಇಷ್ಟು ವರ್ಷದ ವಿದ್ಯೆಯನ್ನು ಮೆಶೀನು ಗುರುದಕ್ಷಿಣೆ ಕೊಡದೆ ಕಲಿತುಬಿಟ್ಟಿತ್ತು.

ಹಳೆಯ ಸಂಚಿಕೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಊರಾಚೆಯ ನಮ್ಮ ಕಾಲೋನಿಗೆ, ಚಿಕ್ಕವ್ವನ ಮನೆಗೆ ಹೋದೆ. ಕುರ್ಚಿ ತೆಗೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ ಎಂದು ಹೇಳುವುದಿತ್ತು. ಅವಳು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಪುಟ ತಿರುವಿದಳು.

"ಇವ್ರ್ಯಾರ್ಲಾ? ಇವಕ್ಕೆ ಯಾರೂ ಹಿಟ್ಟಿಕ್ಕಲ್ವಾ?"

ನಮ್ಮವರೇ ಎಂದೆ. ಇದು ಅವ್ವ, ಇದು ಕೆಂಪಕ್ಕ, ಇದು ನೀನು ಎಂದು ತೋರಿಸಿದೆ.

ಚಿಕ್ಕವ್ವ ತನ್ನ ಚಿತ್ರ ನೋಡಿದಳು, ಪುಟ ತಿರುವಿ ಮತ್ತೆ ಅವ್ವನ ಚಿತ್ರಕ್ಕೆ ಬಂದಳು. "ನಿಮ್ಮವ್ವ ಒಬ್ಳೇ ಒಂದು ಮೂಟೆ ಎತ್ತಿ ಲಾರಿಗೆ ಹಾಕೋಳು ಕಣ್ಲಾ. ಅವಳ್ನ ಹಿಂಗ್ ಬರ್ದು ನೀನು ತಾರ್ಸಿ ಮನೆ ಕಟ್ಟಿಸ್ಕಂಡ್ಯಾ, ಬಡ್ಡೆತ್ತದೇ?"

ನಾಚಿಕೆಯಾಯಿತು, ಮುಖ ಎತ್ತಲಾಗದಷ್ಟು. ಆದರೂ ಬಂದ ಕೆಲಸ ಹೇಳಿದೆ.

"ಶೆಡ್ಡಾಗೆ ಒಬ್ಬ ತೆಗಿ ಅಂದ. ಈಗ ಕಾಗದ್ದಾಗೂ ತೆಗೀಬೇಕಾ?" ಎಂದಳು. ಎಣ್ಣೆ ಬಟ್ಟಲನ್ನು ಪಕ್ಕಕ್ಕಿಟ್ಟು ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. "ಆಯ್ತು ಬುಡು. ಬೆಳಗ್ಗೆ ಶೆಡ್ಡತ್ರ ಬಾ. ಅಲ್ಲೀಗಂಟ ಏನೂ ಅಳಿಸಬ್ಯಾಡ."

ಬೆಳಗ್ಗೆ ಹೋದರೆ ತೋಟದ ದಾರಿಯಲ್ಲಿ ಒಂಬತ್ತು ಹೆಂಗಸರು ಒಬ್ಬರ ಹಿಂದೊಬ್ಬರು ಬರುತ್ತಿದ್ದರು, ತಲೆಯ ಮೇಲೆ ಕುರ್ಚಿ ಹೊತ್ತು. ಕೆಂಪಕ್ಕನದರ ಬೆನ್ನಿಗೆ ಯಾವುದೋ ಕಲ್ಯಾಣ ಮಂಟಪದ ಹೆಸರಿತ್ತು. ಒಬ್ಬಳ ಹತ್ತಿರ ಹಳೆಯ ಕಾರಿನ ಸೀಟು, ಇನ್ನೊಬ್ಬಳದು ಮೂರೂವರೆ ಕಾಲಿನದು, ಶೆಡ್ಡಿಗೆ ಬಂದು ಕೆಳಗೆ ಇಟ್ಟಿಗೆ ಕೊಟ್ಟು ಸಮ ಮಾಡಿಕೊಂಡಳು. ನಗಾಡಿಕೊಂಡೇ ಕೂತರು, ಕೆಲಸ ಶುರು ಮಾಡಿದರು. ಮಾರನೆಯ ದಿನ ಮಾರುಕಟ್ಟೆಯಲ್ಲಿ ಹರಾಜು, ಅರ್ಧ ಕಾಯಿ ಇನ್ನೂ ರಾಶಿಯಲ್ಲೇ ಇತ್ತು, ಇವರನ್ನು ಓಡಿಸಿದರೆ ಧಣಿಗೇ ನಷ್ಟ. ಅದನ್ನು ಲೆಕ್ಕ ಹಾಕಿಯೇ ಚಿಕ್ಕವ್ವ ಆ ದಿನ ಆರಿಸಿದ್ದಳು. ನಾನು ಎಂದಿನಂತೆ ನಿಂತು ಹಾಳೆ ಬಿಡಿಸಿದೆ.

"ಕೆಳಗೆ ಕುಂತ್ಕಳ್ಲಾ," ಅಂದಳು ಚಿಕ್ಕವ್ವ. "ಇಷ್ಟು ವರ್ಸ ಮ್ಯಾಲಿಂದ ಬರ್ದಿದ್ದು ಸಾಕು."

ಕೂತೆ. ಕೆಳಗಿನಿಂದ ನೋಡಿದರೆ ಚಿಕ್ಕವ್ವ ಬಹಳ ದೊಡ್ಡವಳು.

ಒಂಬತ್ತು ಗಂಟೆಗೆ ಕಾರು ಬಂತು. ರೇಣುಕಪ್ರಸಾದ್ ಬಾಗಿಲಿಗೆ ಬಂದರೆ ಎಲ್ಲರೂ ಎದ್ದು ಸೆರಗು ತಲೆಗೆಳೆದುಕೊಳ್ಳುವುದು ವಾಡಿಕೆ. ಅವತ್ತು ಯಾರೂ ಏಳಲಿಲ್ಲ. ಮಚ್ಚಿನ ಸದ್ದೂ ನಿಲ್ಲಲಿಲ್ಲ. ಅವರು ರಾಶಿಯನ್ನು ನೋಡಿದರು, ಕುರ್ಚಿಗಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಇದೆಲ್ಲ ನಿನ್ನ ಕಿತಾಪತಿ ಏನ್ಲಾ ದುರ್ಗ?"

ಐವತ್ತನಾಲ್ಕು ವರ್ಷದ ಅಭ್ಯಾಸ, ಮಂಡಿ ತಾನೇ ಏಳಲು ಹೊರಟಿತು. ಚಿಕ್ಕವ್ವ ನನ್ನ ಭುಜದ ಮೇಲೆ ಕೈಯಿಟ್ಟು ಅದುಮಿದಳು.

"ಒಸಿ ಪಕ್ಕಕ್ಕೆ ನಿಂತ್ಕಳಿ ಬುದ್ದಿ. ಬೆಳಕಿಗೆ ಅಡ್ಡ ಆಯ್ತದೆ. ಹುಡ್ಗ ಬರೀತಾವ್ನೆ."

ರೇಣುಕಪ್ರಸಾದ್ ಒಂದು ಹೆಜ್ಜೆ ಸರಿದರು. ಯಾಕೆ ಸರಿದೆ ಎಂದು ಅವರಿಗೂ ಗೊತ್ತಾದಂತೆ ಕಾಣಲಿಲ್ಲ. ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು, ಮಧುಶ್ರೀಯವರೇ ಇರಬೇಕು. ತೆಗೆಯಲಿಲ್ಲ. ಪೆನ್ಸಿಲ್ ಕೆಳಗಿಟ್ಟು ಇಂಕಿನ ಪೆನ್ನು ಬಿಚ್ಚಿದೆ. ಮೊದಲು ಕುರ್ಚಿಯ ಕಾಲು ಬರೆದೆ.