ಹುಣಸೆ ಮೂಟೆ ಹೊತ್ತ ಮಾರ್ಕೆಟ್

ಹಿಂದೂಪುರದ ಸಂತೆ ಚೌಕದಲ್ಲಿರುವ ಕಲ್ಲು ಮಾರ್ಕೆಟ್ಟನ್ನು ಕೆಡವುತ್ತಾರೆಂಬ ಸುದ್ದಿ ಬಂದಾಗ ಪೋಲಮ್ಮ ಹುಣಸೆಹಣ್ಣಿನ ಉಂಡೆ ಕಟ್ಟುತ್ತಿದ್ದಳು. ಮಳೆಗೆ ಚಾವಣಿಯ ಒಂದು ಮೂಲೆ ಉದುರಿತ್ತು. ಯಾರಿಗೂ ಏಟಾಗಿರಲಿಲ್ಲ. ಆದರೂ ಕಟ್ಟಡ ಅಪಾಯವೆಂದು ಬಾಗಿಲಿಗೆ ನೋಟೀಸು ಅಂಟಿತು, ಬೀಗ ಬಿತ್ತು; ವ್ಯಾಪಾರದ ಹೆಂಗಸರೆಲ್ಲ ಬಿಸಿಲಿಗೆ ಬಂದರು.

ಹಿಂದೆ ಅಲ್ಲಿಯ ನೆರಳು ಮಂಡಿ ಸಾಹುಕಾರರಿಗೆ ಮಾತ್ರ. ಹೆಂಗಸರು ಹೊರಗೆ ಗೋಣಿ ಹಾಸಿ ಕೂರಬೇಕಿತ್ತು. ಆಲಿಕಲ್ಲು ಸುರಿದ ಒಂದು ಮಧ್ಯಾಹ್ನ ಪೋಲಮ್ಮನ ತಾಯಿ ಓಬಕ್ಕ ಬುಟ್ಟಿ ಹೊತ್ತು ನೇರ ಒಳಗೆ ನಡೆದು ಕೂತೇಬಿಟ್ಟಳು. ಎಬ್ಬಿಸಲು ಬಂದವರಿಗೆ, "ಮಳೆ ನಿಂತ್ರೂ ಏಳಾಕಿಲ್ಲ ಕಣಪ್ಪ" ಎಂದಳು. ಮಾರನೆಯ ದಿನ ಉಳಿದವರೂ ಒಳಗೆ ಬಂದರು.

ಅಂಥ ಜಾಗವನ್ನು ಸುಮ್ಮನೆ ಬಿಡಲು ಪೋಲಮ್ಮನಿಗೆ ಮನಸ್ಸಾಗಲಿಲ್ಲ. ಹೆಂಗಸರನ್ನು ಕಟ್ಟಿಕೊಂಡು ಮುನಿಸಿಪಲ್ ಕಮಿಷನರ್ ಮುಂದೆ ನಿಂತಳು.

"ಕೆಡವೋಕ್ ಮುಂಚೆ ಒಂದ್ಸಲ ಪರೀಕ್ಷೆ ಮಾಡ್ಸಿ ಸಾರ್. ಬೀಳಂಗಿದ್ರೆ ನಾವೇ ಮುಂದೆ ನಿಂತು ಕೆಡವುಸ್ತೀವಿ."

ಕಮಿಷನರ್ ಒಪ್ಪಿ, ಕಲ್ಯಾಣದುರ್ಗದಿಂದ ಅಮೃತಾ ಎಂಬ ಎಂಜಿನಿಯರನ್ನು ಕರೆಸಿದರು. ಆಕೆ ಚಾವಣಿ ಹತ್ತಿ ಮೂಲೆಮೂಲೆ ತಟ್ಟಿ ನೋಡಿದಳು. ಉದುರಿದ್ದು, ನೀರಿನ ಟ್ಯಾಂಕ್ ಕೂರಿಸಲು ಈಚೆಗೆ ಹಾಕಿದ್ದ ಕಾಂಕ್ರೀಟು. ಟ್ಯಾಂಕನ್ನು ಇಳಿಸಿದರು.

"ಹಳೇ ಚಪ್ಪಡಿ ಗಟ್ಟಿ ಇದ್ದಂಗೈತೆ ಅವ್ವಾ. ಆದ್ರೆ ಬಾಯ್ಮಾತು ಸಾಲಲ್ಲ. ಮೇಲೆ ಭಾರ ಹೇರಿ ನಾಳೆವರೆಗೂ ನೋಡ್ಬೇಕು. ಮರಳು ಮೂಟೆ ತರುಸ್ತೀನಿ."

"ಮರಳ್ಯಾಕೆ ತಾಯಿ? ನಮ್ ಹುಣಸೆ ಮೂಟೆ ಇಲ್ವಾ? ನಡೀರೇ, ಪದಂಡಿ!"

ಹುಣಸೆ, ಮೆಣಸಿನಕಾಯಿ, ಬೆಲ್ಲ, ಮಾರ್ಕೆಟ್ಟಿನ ಸರಕೆಲ್ಲ ಹಗ್ಗ ಹಿಡಿದು ಮೇಲೇರಿತು. ಹಮಾಲಿಗಳು ಕೂಲಿ ಕೇಳದೆ ಕೈಕೊಟ್ಟರು. ಮೂಟೆಗಳ ರಾಶಿ ಚೌಕದ ನಾಲ್ಕೂ ಬೀದಿಗೆ ಕಾಣುವಂತೆ ಎದ್ದಿತು.

ಮರುದಿನ ಬೆಳಿಗ್ಗೆ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಪ್ಪಡಿ ಬಗ್ಗಿದರೆ ತೋರಿಸಲೆಂದು ಅದರ ಕೆಳಗೆ ಕೂರಿಸಿದ್ದ ಅಳತೆಯ ಮುಳ್ಳನ್ನು ನೋಡಲು ಅಮೃತಾ ಹಿಂದಿನ ಕಿರುಬಾಗಿಲಿಂದ ಒಳಗೆ ಹೋದಳು. ಪೋಲಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಹೊರಗೆ ಬಂದ ಅಮೃತಾಳ ಮುಖ ಅರಳಿತ್ತು.

"ಬಗ್ಗಿಲ್ಲ ಅವ್ವಾ! ಇನ್ನೂ ಇಷ್ಟೇ ಹೇರುದ್ರೂ ತಡೀತೈತೆ!"

ಕೇಕೆ, ಸಿಳ್ಳೆ, ಎಲ್ಲಿಂದಲೋ ತಮಟೆ. ಕಮಿಷನರ್ ತಾವೇ ನೋಟೀಸು ಹರಿದು, ಬೀಗದ ಕೈಯನ್ನು ಪೋಲಮ್ಮನ ಕೈಗಿಟ್ಟರು. ಕಣ್ಣು ತುಂಬಿ ಅವಳಿಗೆ ಬೀಗದ ತೂತೇ ಕಾಣಲಿಲ್ಲ. ಅಮೃತಾ ಅವಳ ಕೈ ಹಿಡಿದು ತಿರುಗಿಸಿದಳು. ಬಾಗಿಲು ತೆರೆದದ್ದೇ ಹೆಂಗಸರು ಒಳಗೆ ನುಗ್ಗಿ, ನನ್ನ ಜಾಗ ನಿನ್ನ ಜಾಗವೆಂದು ಜಗಳಕ್ಕಿಳಿದರು.

"ಜಗಳ ಆಮೇಲಾಡ್ರೇ! ಮೊದ್ಲು ಕಸ ಗುಡ್ಸಿ, ಗಿರಾಕಿ ಬಂದ್ಬುಟ್ರು!" ಎಂದು ಪೋಲಮ್ಮ ಚೌಕಕ್ಕೆಲ್ಲ ಕೇಳುವಂತೆ ಗದರಿದಳು.