ಖಾಲಿ ಬಂದ ಕೇಕಿನ ಡಬ್ಬಿ

ಡಬ್ಬಿ ಖಾಲಿ ಬಂದಿತ್ತು. ಬರೀ ಖಾಲಿಯಲ್ಲ, ತಿಕ್ಕಿ ತೊಳೆದು, ಒರೆಸಿ, ಮಹಡಿಗೆ ಹತ್ತುವ ಮೆಟ್ಟಿಲ ಮೇಲೆ ಬೋರಲು ಹಾಕಿ ಇಟ್ಟಿದ್ದರು. ಹನಾನ್ ಅದನ್ನು ಎತ್ತಿ ಒಳಗೆ ನೋಡಿದಳು. ಒಂದು ಚೂರು ಬೆಲ್ಲವಿಲ್ಲ, ಒಂದು ಕಾಳು ಶೇಂಗಾ ಇಲ್ಲ. ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಅಲ್ಲೇ ಕೂತುಬಿಟ್ಟಳು.

ಒಂದು ತಗಡಿನ ಡಬ್ಬಿಗೆ ಇಷ್ಟು ಯಾಕೆ ಎನ್ನುತ್ತೀರೇನೋ. ಹಾಗಾದರೆ ಮೊದಲಿನಿಂದಲೇ ಹೇಳಬೇಕಾಗುತ್ತದೆ.

ಹನಾನ್ ಜೋರ್ಡಾನ್ ದೇಶದ ಅಮ್ಮಾನ್ ಪಟ್ಟಣದವಳು. ಗಂಡ ನಿದಾಲ್ ಅಲ್ಲಿಯ ಒಂದು ಕಂಪನಿಯಲ್ಲಿ ಇಂಜಿನಿಯರ್. ಆ ಕಂಪನಿಗೆ ಬೇಕಾದ ನೀರಿನ ವಾಲ್ವುಗಳು ತಾರಿಹಾಳದ ಕಾರ್ಖಾನೆಯೊಂದರಲ್ಲಿ ತಯಾರಾಗುತ್ತಿದ್ದವು. ಅವನ್ನು ಪರೀಕ್ಷೆ ಮಾಡಿ ಕಳಿಸಲಿ ಎಂದು ಅವನನ್ನು ಎರಡು ವರ್ಷದ ಮಟ್ಟಿಗೆ ಹುಬ್ಬಳ್ಳಿಗೆ ಹಾಕಿದ್ದರು. ತೊಂಬತ್ತೆಂಟರ ಸುಮಾರಿನ ಮಾತು ಇದು. ಮೊದಲು ಹಿಡಿದ ಮನೆಯ ಮಾಲೀಕರಿಗೆ ಇವರ ಅಡಿಗೆಯ ವಾಸನೆ ಸೇರಲಿಲ್ಲ. ಸೇರಲಿಲ್ಲವೆಂದು ಮುಖಕ್ಕೆ ಹೇಳಿದ್ದರೆ ಒಂದು ಲೆಕ್ಕ. ಮೊದಲು ಮಾತು ಕಡಿಮೆಯಾಯಿತು, ಆಮೇಲೆ ನಲ್ಲಿಯ ನೀರು ಕಡಿಮೆಯಾಯಿತು, ಕಡೆಗೆ ಮಗಳ ಮದುವೆ ಇದೆ, ಮನೆ ಬೇಕು ಎಂದರು. ಆ ಮಗಳೋ ಇನ್ನೂ ಫ್ರಾಕು ತೊಟ್ಟು ಅಂಗಳದಲ್ಲಿ ಕುಂಟಾಟ ಆಡುತ್ತಿದ್ದಳು.

ಹೀಗೆ ಹೊರಬಿದ್ದವರಿಗೆ ಸಿಕ್ಕಿದ್ದು ಉಣಕಲ್ಲಿನಲ್ಲಿ ಮೈಲಾರಪ್ಪನ ಮಹಡಿ. ಕೆಳಗೆ ಮೈಲಾರಪ್ಪ, ಅವನ ಹೆಂಡತಿ ದುರಗವ್ವ, ಹಿತ್ತಿಲಲ್ಲಿ ಎಮ್ಮೆಗಳು. ಮಗ ವಿನೋದ ನವಲಗುಂದದಲ್ಲಿ ಸರಕಾರಿ ನೌಕರ, ಸೊಸೆ ಸುಕನ್ಯಾ ಅವನ ಜೊತೆಗೆ. ಬಂದ ದಿನವೇ ದುರಗವ್ವ ಒಂದು ಸ್ಟೀಲಿನ ಡಬ್ಬಿಯಲ್ಲಿ ಚಕ್ಕಾ ತಂದುಕೊಟ್ಟಳು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ನೀರೆಲ್ಲ ಇಳಿದ ಮೇಲೆ ಉಳಿಯುವ ಆ ಗಟ್ಟಿ ಬೆಣ್ಣೆಯಂಥ ಚಕ್ಕಾ. ಹೆಸರು ಕೇಳಿ, "ಹನಾನ್ ಅಂದ್ರ ನನ್ನ ನಾಲಿಗಿ ಹೊರಳಂಗಿಲ್ಲವ್ವ. ಹನಮವ್ವ ಅಂತೀನಿ," ಎಂದಳು. ಅಂದಿನಿಂದ ಅವಳು ಹನಮವ್ವ, ಕನ್ನಡ ಕಲಿತದ್ದೂ ದುರಗವ್ವನ ಬಾಯಿಂದಲೇ.

ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡಬಾರದು ಎಂದು ಹನಾನಳಿಗೆ ಅಮ್ಮಾನಿನಲ್ಲಿ ಅವಳ ತಾಯಿ ಕಲಿಸಿದ್ದಳು. ದುರಗವ್ವನಿಗೆ ಉಣಕಲ್ಲಿನಲ್ಲಿ ಅವಳತ್ತೆ ಅದನ್ನೇ ಕಲಿಸಿದ್ದಳು. ಎಲ್ಲಿಯ ಅಮ್ಮಾನ್, ಎಲ್ಲಿಯ ಉಣಕಲ್ಲು! ಚಕ್ಕಾದ ಡಬ್ಬಿ ಖರ್ಜೂರ ತುಂಬಿಕೊಂಡು ಇಳಿಯಿತು, ಶೇಂಗಾ ಉಂಡಿ ತುಂಬಿಕೊಂಡು ಹತ್ತಿತು, ಮತ್ತೇನೋ ತುಂಬಿಕೊಂಡು ಇಳಿಯಿತು. ನಿಲ್ಲಿಸುವುದು ಹೇಗೆ ಎಂದು ಇಬ್ಬರಿಗೂ ಗೊತ್ತಿಲ್ಲ, ನಿಲ್ಲಿಸುವ ಮನಸ್ಸು ಮೊದಲೇ ಇಲ್ಲ. ಮೈಲಾರಪ್ಪ ಮಾತ್ರ, "ನಿಮ್ಮಿಬ್ಬರ ಈ ಡಬ್ಬಿ ಆಟ ಮುಗಿಯೂದಲ್ಲ ಬಿಡ್ರಿ," ಎಂದು ಬೀಡಿ ಹಚ್ಚುತ್ತಿದ್ದ.

ಆ ಚಕ್ಕಾ ನೋಡಿಯೇ ಹನಾನಳಿಗೆ ಚೀಸ್‌ಕೇಕಿನ ನೆನಪು ಹತ್ತಿದ್ದು. ಅವಳೂರಿನ ಚೀಸು ಹುಬ್ಬಳ್ಳಿಯಲ್ಲಿ ಎಲ್ಲಿ ಸಿಗಬೇಕು? ಚಕ್ಕಾ ಇದೆಯಲ್ಲ ಎಂದಳು. ಅಲ್ಲಿ ಕೂದಲೆಳೆಯಂಥ ಹಿಟ್ಟಿನ ದಾರಗಳನ್ನು ತುಪ್ಪದಲ್ಲಿ ಹುರಿದು ತಳಕ್ಕೆ ಹಾಸುತ್ತಾರೆ. ಇಲ್ಲಿ ದುರಗವ್ವನ ಕೈಯ ಶ್ಯಾವಿಗೆ ಇತ್ತು. ಶ್ಯಾವಿಗೆ ಹುರಿದು ದುಂಡಗಿನ ತಗಡಿನ ಡಬ್ಬಿಯ ತಳಕ್ಕೆ ಒತ್ತಿದಳು. ಚಕ್ಕಾಕ್ಕೆ ಸಕ್ಕರೆ, ತತ್ತಿ ಹಾಕಿ ಕಡೆದು ಮೇಲೆ ಸುರಿದಳು. ದುರ್ಗದಬೈಲಿನ ಅತ್ತರಿನ ಅಂಗಡಿಯಿಂದ ತಂದ ಗುಲಾಬಿ ನೀರು ಹನಿಸಿದಳು. ಬೇಯಿಸಲಿಕ್ಕೆ ಕಮರಿಪೇಟೆಯ ಬಂದೇನವಾಜರ ಬೇಕರಿ. ಮಧ್ಯಾಹ್ನ ಬ್ರೆಡ್ಡಿನ ಕೆಲಸ ಮುಗಿದು ಭಟ್ಟಿ ತಣ್ಣಗಾಗುತ್ತ ಬಂದಾಗ ಅವರು ಮಂದಿಯ ಮನೆಯ ಬಿಸ್ಕತ್ತಿನ ತಟ್ಟೆಗಳನ್ನು ಒಳಗೆ ಸರಿಸಿಕೊಡುತ್ತಿದ್ದರು. ಇವಳ ಡಬ್ಬಿಗೂ ಒಂದು ಮೂಲೆ ಸಿಕ್ಕಿತು.

ಕೇಕು ಬೇಯುವ ತನಕ ಸುಮ್ಮನೆ ಕೂರುವ ಜಾತಿ ಹನಾನ್ ಅಲ್ಲ. ಜೊತೆಗೆ ಬಂದ ದುರಗವ್ವನನ್ನು ಆಟೋದಲ್ಲಿ ಕೂರಿಸಿಕೊಂಡು ಊರು ನೋಡಲು ಹೊರಡುತ್ತಿದ್ದಳು. ಸಿದ್ಧಾರೂಢರ ಮಠ, ಗಾಜಿನ ಮನೆ, ಒಂದು ದಿನ ಧಾರವಾಡದ ತನಕ ಹೋಗಿ ಬಿಸಿ ಪೇಡೆ. ನೃಪತುಂಗ ಬೆಟ್ಟ ಹತ್ತಿದ ದಿನ ದುರಗವ್ವ ಮೇಲಿನ ಬಂಡೆಯ ಮೇಲೆ ಕುಕ್ಕರಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಕೆಳಗೆ ತನ್ನದೇ ಊರಿನ ಕೆರೆಯನ್ನು ಬಹಳ ಹೊತ್ತು ನೋಡಿದಳು.

"ಮದುವಿ ಆಗಿ ಬಂದಾಗಿಂದ ಈ ಗುಡ್ಡ ನೋಡೇನಿ, ಒಮ್ಮಿಯೂ ಹತ್ತಿದಾಕಿ ಅಲ್ಲ. ಅರಬಸ್ತಾನದಿಂದ ನೀ ಬರಬೇಕಾತ ನೋಡು," ಎಂದಳು.

ಆ ದಿನ ಮೊದಲ ಕೇಕು ತಿಂದು, "ಇದು ಗಿಣ್ಣ ಐತಲ್ಲ. ಅರಬರ ಗಿಣ್ಣ," ಎಂದು ತೀರ್ಪು ಕೊಟ್ಟಳು. ಎಮ್ಮೆ ಈದ ಹೊಸದರಲ್ಲಿ ಬರುವ ಗಟ್ಟಿ ಹಾಲನ್ನು ಕಾಸಿ ಮಾಡುವ ಗಿಣ್ಣಕ್ಕೆ ಅವಳ ಲೋಕದಲ್ಲಿ ಸಾಟಿ ಇರಲಿಲ್ಲ. ಇದಕ್ಕಿಂತ ದೊಡ್ಡ ಮರ್ಯಾದೆ ಆ ಕೇಕಿಗೆ ಎಲ್ಲಿ ಸಿಗಬೇಕು?

ಅಷ್ಟರಲ್ಲಿ ಹನಾನ್ ಬಸುರಿಯಾದಳು. ಸೊಸೆ ಸುಕನ್ಯಾಳಿಗೂ ಅದೇ ತಿಂಗಳು. ಲೆಕ್ಕ ಕೇಳಿದ ದುರಗವ್ವ ಹನಾನಳ ಗಲ್ಲ ಹಿಡಿದು ಹೇಳಿದ್ದಳು: "ಸುಕನ್ಯಾ ತವರಿಗೆ ಹೊಕ್ಕಾಳ. ನಿನ್ನ ತವರು ಸಮುದ್ರದ ಆಚಿಗೆ ಐತಿ. ನಿನ್ನ ಬಾಣಂತನ ನಂದು. ತಿಳೀತಿಲ್ಲೋ?" ತಿಳಿಯಿತು. ಅಷ್ಟು ದಿನ ಎದೆಯ ಮೇಲೆ ಕೂತಿದ್ದ ಕಲ್ಲು ಆ ಒಂದು ಮಾತಿಗೆ ಇಳಿದುಹೋಗಿತ್ತು. ಗುರುತಿಲ್ಲದ ದೇಶದಲ್ಲಿ, ತಾಯಿ ಇಲ್ಲದೆ ಹೆರಬೇಕಲ್ಲ ಎಂದು ಅವಳು ಗಂಡನಿಗೂ ತಿಳಿಯದಂತೆ ಅತ್ತಿದ್ದಳು.

ಅಂಥ ಮನೆಯಿಂದ ಈಗ ಡಬ್ಬಿ ಖಾಲಿ ಬಂದಿತ್ತು, ಅವಳಿಗೆ ಏಳು ತಿಂಗಳು ತುಂಬಿದ ಹೊತ್ತಿಗೆ.

ಕೆಳಗೆ ಮನೆಗೆ ಬೀಗ. ಸಂಜೆ ಮೈಲಾರಪ್ಪ ಒಬ್ಬನೇ ಕಂಡ. ಹನಾನ್ ಹಾಲಿನ ಪಾತ್ರೆ ಹಿಡಿದು ಇಳಿದರೆ ಅವನು ಅವಳ ಮುಖ ನೋಡದೆ, "ನಾಕ ದಿನ ಹಾಲ ಬ್ಯಾರೆ ಕಡಿ ತಗೋರಿ ತಂಗಿ," ಎಂದ. ಹಿತ್ತಿಲಲ್ಲಿ ಎಮ್ಮೆ ಕರೆಯುವ ಸೊರ್ ಸೊರ್ ಸದ್ದನ್ನು ಅವಳು ಆಗಷ್ಟೇ ಕೇಳಿದ್ದಳು. ಹಾಲು ಇದೆ, ತನಗೆ ಇಲ್ಲ. ಮೊದಲಿನ ಮನೆಯಲ್ಲಿ ನೀರು, ಇಲ್ಲಿ ಹಾಲು.

ಮೇಲೆ ಬಂದು ಗೋಡೆಯ ಕ್ಯಾಲೆಂಡರ್ ನೋಡಿದವಳು ನಾಲಿಗೆ ಕಚ್ಚಿಕೊಂಡಳು. ಆ ಕೇಕನ್ನು ಮೈಲಾರಪ್ಪನ ಕೈಯಲ್ಲಿ ಕೊಟ್ಟು ಬಂದದ್ದು ಮಂಗಳವಾರ. ಆ ಮನೆಯಲ್ಲಿ ಕೋಳಿ, ಮೀನು, ತತ್ತಿ ಎಲ್ಲ ನಡೆಯುತ್ತಿತ್ತು. ಮಂಗಳವಾರ ಮಾತ್ರ ಯಾವುದೂ ಇಲ್ಲ. ಅದು ದೇವಿಯ ವಾರ, ದುರಗವ್ವ ಮದುವೆಯಾಗಿ ಬಂದಂದಿನಿಂದ ಹಿಡಿದ ನೇಮ. ಕೇಕಿನಲ್ಲಿ ತತ್ತಿ ಇತ್ತು. ಇದನ್ನು ಮರೆಯುವಷ್ಟು ತನ್ನ ತಲೆ ಎಲ್ಲಿ ಹೋಗಿತ್ತು ಎಂದು ಅವಳು ತನ್ನನ್ನೇ ಬೈದುಕೊಂಡಳು. ಪಾಪ, ಆ ಹುಡುಗಿಗೆ ಬೈಯಲಿಕ್ಕಾದರೂ ಇನ್ನು ಯಾರಿದ್ದರು?

ಮರುದಿನವೇ ತತ್ತಿ ಇಲ್ಲದ ಕೇಕು ಮಾಡಿದಳು. ಅಂಗಡಿಯ ಚಕ್ಕಾ ತಂದು, ತುಂಬಿದ ಹೊಟ್ಟೆಯನ್ನು ಹೊತ್ತುಕೊಂಡು ಒಬ್ಬಳೇ ಕಮರಿಪೇಟೆಗೆ ಹೋಗಿ ಬೇಯಿಸಿಕೊಂಡು ಬಂದಳು. ಬಂದೇನವಾಜರು, "ನಿಮ್ಮ ಅವ್ವ ಬರಲಿಲ್ಲೇನ್ರಿ?" ಎಂದು ಕೇಳಿದರು. ವಾಪಸು ಬಂದಾಗ ಕೆಳಗಿನ ಬಾಗಿಲು ಅರ್ಧ ತೆರೆದಿತ್ತು. ಒದ್ದೆ ಕೂದಲು ಗಂಟು ಹಾಕಿಕೊಂಡ ದುರಗವ್ವ, ಕೈಯಲ್ಲಿ ಒಂದು ಚೀಲ ಹಿಡಿದು ಹೊರಡುವ ಅವಸರದಲ್ಲಿದ್ದಳು.

"ಅವ್ವಾ, ಇದರಾಗ ತತ್ತಿ ಇಲ್ಲ," ಎಂದು ಹನಾನ್ ಡಬ್ಬಿ ಮುಂದೆ ಚಾಚಿದಳು.

ದುರಗವ್ವ ಹಾವು ಕಂಡವಳ ಹಾಗೆ ಹಿಂದೆ ಸರಿದಳು. "ಮುಟ್ಟಬ್ಯಾಡ. ಮ್ಯಾಲ ಹೋಗವ್ವ, ಈಗ ಬ್ಯಾಡ," ಎಂದಳು. ಮುಖ ಬಾಡಿತ್ತು, ಕಣ್ಣು ಬೇರೆಲ್ಲೋ ಇತ್ತು. ಹಾಗೆಯೇ ರಸ್ತೆಗೆ ನಡೆದುಬಿಟ್ಟಳು.

ಹನಾನ್ ಆ ಕೇಕನ್ನು ತಿನ್ನಲಿಲ್ಲ. ಮುಟ್ಟಬೇಡ ಎಂದಳಲ್ಲ, ಮುಟ್ಟಬೇಡ ಎಂದಳಲ್ಲ ಎಂದು ಅದೇ ಮಾತು ತಲೆಯಲ್ಲಿ ಗಾಣದ ಹಾಗೆ ಸುತ್ತಿತು. ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಕೂತರೆ ಉಸಿರು ಕಟ್ಟುತ್ತದೆಂದು ಒಬ್ಬಳೇ ಕೆರೆಯ ದಂಡೆಗೆ ಹೋದಳು, ಚಂದ್ರಮೌಳೇಶ್ವರ ಗುಡಿಯ ನಾಲ್ಕೂ ಬಾಗಿಲು ಸುತ್ತಿದಳು. ಹಿಂದೆ ಅದೇ ಗುಡಿಯ ಕಟ್ಟೆಯ ಮೇಲೆ ಕೂತು ದುರಗವ್ವ ಅವಳಿಗೆ ಶೇಂಗಾ ಸುಲಿದು ಸುಲಿದು ಕೊಟ್ಟಿದ್ದಳು. ಜಾಗಗಳು ಅವೇ ಇದ್ದವು, ನೋಡಲು ಮಾತ್ರ ಏನೂ ಉಳಿದಿರಲಿಲ್ಲ.

ಕಡೆಗೆ ಒಂದು ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವರು ಮನೆ ಬಿಡಿ ಎನ್ನುವ ಮೊದಲೇ ಬಿಟ್ಟುಬಿಡೋಣ, ಇನ್ನೊಮ್ಮೆ ಹೊರಗೆ ಹಾಕಿಸಿಕೊಳ್ಳುವ ಶಕ್ತಿ ನನಗಿಲ್ಲ ಎಂದಳು. ನಿದಾಲ್ ಕೆಟ್ಟ ಮನುಷ್ಯನಲ್ಲ, ಆದರೆ ವಾಲ್ವಿನ ಸೋರಿಕೆ ಹಿಡಿಯುವವನಿಗೆ ಹೆಂಗಸರ ಡಬ್ಬಿಯ ವ್ಯವಹಾರ ಎಲ್ಲಿ ತಿಳಿಯಬೇಕು? ತಾರಿಹಾಳದ ಗೆಳೆಯನೊಬ್ಬ ಗೋಕುಲ ರಸ್ತೆಯಲ್ಲಿ ಮನೆ ತೋರಿಸಿದ್ದಾನೆ, ನಾಳೆ ಹೋಗಿ ಮಾತು ಕೊಟ್ಟು ಬರುತ್ತೇನೆ ಎಂದ. ಅವಳು ಹೂಂ ಎಂದಳು.

ಬೆಳಿಗ್ಗೆ ಅವನು ಕಾರ್ಖಾನೆಗೆ ಹೋದ ಮೇಲೆ ಸಾಮಾನು ಜೋಡಿಸಲು ಕೂತಳು. ಮೊದಲು ಕೈಗೆ ಸಿಕ್ಕಿದ್ದೇ ದುರಗವ್ವನ ಸ್ಟೀಲಿನ ಡಬ್ಬಿ. ಅದನ್ನು ಕೊಟ್ಟೇ ಹೋಗಬೇಕು. ಹೋಗುವಾಗಲೂ ಖಾಲಿ ಕೊಡಲು ಕೈ ಬರಲಿಲ್ಲ. ಅಮ್ಮಾನಿನಿಂದ ತಾಯಿ ಕಳಿಸಿದ್ದ ಖರ್ಜೂರದಲ್ಲಿ, ಹೆರಿಗೆಯ ಹೊತ್ತಿಗೆಂದು ತೆಗೆದಿಟ್ಟ ಒಳ್ಳೆಯ ಹಣ್ಣುಗಳಿದ್ದವು. ಅವನ್ನೇ ತುಂಬಿದಳು. ಕೊಟ್ಟು, ಹೋಗುತ್ತೇವೆ ಎಂದು ಹೇಳಿ, ಅಳದೆ ಮೇಲೆ ಬಂದುಬಿಡಬೇಕು ಎಂದುಕೊಂಡಳು.

ಕೆಳಗೆ ಇಳಿದರೆ ಅಂಗಳವೆಲ್ಲ ಒದ್ದೆ. ಮನೆಯನ್ನು ಒಳಗಿನಿಂದ ಹೊರಗಿನ ತನಕ ತೊಳೆದಿದ್ದರು. ಹಾಸಿಗೆ, ಕೌದಿಗಳು ಬೇಲಿಯ ಮೇಲೆ ಒಣಗುತ್ತಿದ್ದವು. ಹೊಸ್ತಿಲಿಗೆ ಅರಿಷಿಣ ಹಚ್ಚುತ್ತಿದ್ದ ದುರಗವ್ವ ಅವಳನ್ನು ನೋಡಿದ್ದೇ ತಡ, ಎದ್ದು ಬಂದು ಅರಿಷಿಣದ ಕೈಯಲ್ಲೇ ಅವಳ ಎರಡೂ ಗಲ್ಲ ಹಿಡಿದುಕೊಂಡಳು.

"ಬಾ ನನ್ನವ್ವ. ಇವತ್ತ ಪುರುಡು ಕಳೀತು. ಈಗ ಮುಟ್ಟಬಹುದು," ಎಂದಳು.

ಹನಾನಳಿಗೆ ಏನೂ ತಿಳಿಯಲಿಲ್ಲ. ದುರಗವ್ವ ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ತಾನೂ ಕೂತು ಹೇಳಿದಳು. ಸುಕನ್ಯಾಳಿಗೆ ಏಳು ತಿಂಗಳಿಗೇ ಹೆರಿಗೆಯ ಬ್ಯಾನಿ ಬಂದಿತ್ತು. ಎತ್ತಿಕೊಂಡು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ತಂದಿದ್ದರು. ಹೆಣ್ಣುಕೂಸು, ಅಂಗೈಯಷ್ಟು. ಹುಟ್ಟಿದಂದಿನಿಂದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು.

"ಉಳಿತೈತೋ ಇಲ್ಲೋ ಅಂತ ಡಾಕ್ಟರ್ರೂ ಹೇಳವಲ್ಲರು. ನಿನಗೂ ಅದ ಏಳು ತಿಂಗಳು. ಬಸುರಿ ಕಿವಿಗೆ ಇಂಥಾದ್ದು ಹಾಕಬಾರದವ್ವ. ನಿನ್ನ ಮುಂದ ನಿಂತರ ನನ್ನ ಮಾರಿ ನೋಡೇ ನಿನಗ ತಿಳೀತೈತಿ ಅಂತ ತಪ್ಪಿಸಿಕೊಂಡ ಅಡ್ಡಾಡಿದೆ. ಮ್ಯಾಲ ಹಡದ ಮನಿ ಮೈಲಿಗಿ ಬ್ಯಾರೆ. ಹಾಲು, ಅನ್ನ ಯಾರಿಗೂ ಕೊಡೂಹಂಗಿಲ್ಲ, ಬಸುರೀನ ಮುಟ್ಟೂಹಂಗಿಲ್ಲ."

"ಈಗ ಕೂಸು?" ಎಂದಳು ಹನಾನ್.

"ನಿನ್ನೆ ಪೆಟ್ಟಿಗಿಯಿಂದ ಹೊರಗ ತಗದರು. ಅವರವ್ವನ ಮೊಲಿ ಹಿಡದೈತಿ. ಗಟ್ಟಿ ಐತಿ, ನಮ್ಮತ್ತಿ ಹಂಗ." ದುರಗವ್ವ ನಕ್ಕಳು, ನಗುತ್ತ ನಗುತ್ತ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು.

ಹನಾನ್ ಅವಳ ಹೆಗಲಿಗೆ ತಲೆಯಿಟ್ಟು ಅತ್ತಳು. ಕೂಸು ಉಳಿದದ್ದಕ್ಕೆ ಅತ್ತಳು, ತಾನು ಉಳಿದದ್ದಕ್ಕೂ ಅತ್ತಳು. ಮಂಗಳವಾರದ ತತ್ತಿಯ ವಿಷಯ ಬಿಕ್ಕುತ್ತಲೇ ಹೊರಬಿತ್ತು. ದುರಗವ್ವ ಬೆರಗಾದಳು. ಆ ಕೇಕನ್ನು ತಾನು ನೋಡಿಯೇ ಇಲ್ಲ, ಅವತ್ತೇ ಆಸ್ಪತ್ರೆಗೆ ಓಡಿದ್ದೆ ಎಂದಳು.

"ಮತ್ತ ಡಬ್ಬಿ ಖಾಲಿ ಬಂತಲ್ಲ ಅವ್ವಾ."

ದುರಗವ್ವನ ನಗು ನಿಂತಿತು. "ಯಾವ ಡಬ್ಬಿ? ಖಾಲಿ?" ಎಂದವಳು ಹಿತ್ತಿಲ ಕಡೆ ತಿರುಗಿ ಗಂಡನನ್ನು ಕೂಗಿದಳು. ಸಗಣಿಯ ಬುಟ್ಟಿ ಹಿಡಿದೇ ಬಂದ ಮೈಲಾರಪ್ಪ ವಿಷಯ ಕೇಳಿ ತಲೆ ಕೆರೆದುಕೊಂಡ.

"ಕೇಕು ನಾನ ತಿಂದೆ. ಪುರುಡಿನ ಮನ್ಯಾಗ ಮಂದಿ ಡಬ್ಬಿ ಇರಬಾರದಂತ ತೊಳದ ಮೆಟ್ಟಿಲ ಮ್ಯಾಲ ಇಟ್ಟೆ. ಏನರ ಹಾಕಿ ಕೊಡೂಣ ಅಂದ್ರ ಮೈಲಿಗಿ. ನಾ ಏನ ಮಾಡಬೇಕಿತ್ತ?"

"ಬರೇ ಡಬ್ಬಿ ಕೊಟ್ಟಿ? ಬಸುರಿ ಹೆಣಮಗಳಿಗೆ? ನಿನ್ನ ತಲ್ಯಾಗ ಎಮ್ಮಿ ಬಿಟ್ಟರ ಬ್ಯಾರೆ ಏನರ ಐತೇನು?" ಎಂದು ದುರಗವ್ವ ಶುರು ಮಾಡಿದಳು. ಅದು ಲಗೂ ಮುಗಿಯುವ ಬೈಗುಳವಲ್ಲವೆಂದು ತಿಳಿದಿದ್ದ ಮೈಲಾರಪ್ಪ ಬುಟ್ಟಿ ಎತ್ತಿಕೊಂಡು ಮೆಲ್ಲಗೆ ಹಿತ್ತಿಲಿಗೆ ಜಾರಿಕೊಂಡ. ಹನಾನ್ ಇಷ್ಟು ದಿನಗಳಲ್ಲಿ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಳು.

ದುರಗವ್ವ ಅವಳನ್ನು ಮೇಲೆ ಅಟ್ಟಿ ಆ ತಗಡಿನ ಡಬ್ಬಿ ತರಿಸಿದಳು. ಮನೆಯಲ್ಲಿ ಅಡಿಗೆ ಇನ್ನೂ ಆಗಿರಲಿಲ್ಲ, ಒಲೆ ಆಗಷ್ಟೇ ಸಾರಿಸಿದ್ದು. ಒಳಗೆ ಹೋಗಿ ಹೊಸ ಜೋಳ ಬೊಗಸೆ ತುಂಬ ತಂದು ಡಬ್ಬಿಗೆ ಸುರಿದಳು, ಮೇಲೊಂದು ಬೆಲ್ಲದ ಹೆಂಟೆ ಇಟ್ಟಳು. ಆಮೇಲೆ ಕಟ್ಟೆಯ ಮೇಲಿದ್ದ ತನ್ನ ಸ್ಟೀಲಿನ ಡಬ್ಬಿ ಕಂಡು ಮುಚ್ಚಳ ತೆಗೆದಳು.

"ಇಷ್ಟ ಛಲೋ ಖರ್ಜೂರ! ಇದು ಯಾತಕ್ಕ ತಂದಿ?"

ಹನಾನ್ ಮೇಲೆ ಅರ್ಧ ಕಟ್ಟಿಟ್ಟ ಸಾಮಾನು ನೆನೆದಳು. ಗೋಕುಲ ರಸ್ತೆಯ ಮನೆಗೆ ಗಂಡ ಮಾತು ಕೊಡುವ ಮೊದಲು ಕಾರ್ಖಾನೆಗೆ ಫೋನು ಮಾಡಬೇಕು. ಗಲ್ಲಕ್ಕೆ ಹತ್ತಿದ ಅರಿಷಿಣ ಕಣ್ಣೀರಿಗೆ ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು.

"ಮೊಮ್ಮಗಳು ಬಂದಾಳಲ್ಲ ಅವ್ವಾ, ಅದಕ್ಕ," ಎಂದಳು.